ಬಲೆಯ ಕಣ್ಣು

ಹುಡುಕುವ ಪೆಟ್ಟಿಗೆಯಲ್ಲಿ ವಸೊಂಗ ಬರೆದದ್ದು ಎರಡೇ ಪದ:
ಫುಲು, ಕಣ್ಮರೆ.
ನಮ್ಮ ಸರೋವರದ ಬೆರಳುದ್ದದ ಮೀನು ಅದು,
ನೂರಾರು ಬಗೆ ಇತ್ತಂತೆ.
ಹಿಂದೆಲ್ಲ ಆಗಿದ್ದರೆ ಪಟ್ಟಿ ಬರುತ್ತಿತ್ತು,
ಒಂದರ ಕೆಳಗೊಂದು, ಆಸ್ಪತ್ರೆಯ ಸಾಲಿನ ಹಾಗೆ,
ಮುಂದಿನವನ ಬೆನ್ನು ಮಾತ್ರ ಕಾಣುವಂತೆ.
ಈ ಹೊಸ ಸಲಕರಣೆ ಹಾಗಲ್ಲ.
ಪರದೆ ಮೊದಲು ಕಪ್ಪಾಯಿತು,
ಆಮೇಲೆ ಒಂದೊಂದೇ ಚುಕ್ಕಿ ಹೊತ್ತಿಕೊಂಡಿತು.

ಕಿಸುಮುವಿನ ಈ ಗ್ರಂಥಾಲಯದಲ್ಲಿ
ಹತ್ತೊಂಬತ್ತು ವರ್ಷ ಧೂಳು ಒರೆಸಿದವಳು ನಾನು.
ನೋಡಿದ ಕೂಡಲೇ ಗುರುತು ಹತ್ತಿತು:
ಚಂದ್ರನಿಲ್ಲದ ರಾತ್ರಿ, ದುಂಗಾ ದಡ,
ಒಮೆನಾ ಹಿಡಿಯುವವರ ದೀಪಗಳು ನೀರ ಮೇಲೆ.
ಅಜ್ಜಿ ಬೆರಳು ಚಾಚಿ ಹೇಳುತ್ತಿದ್ದಳು,
ಅದು ಒಬುರನದು. ಅದು ಅವನ ಭಾವನದು.
ಎರಡರ ನಡುವೆ ಆ ಕತ್ತಲಿದೆಯಲ್ಲ,
ಅದೊಂದು ಎತ್ತಿನ ಜಗಳ.

ಇಲ್ಲಿ ಗೆರೆ ಎಳೆಯುವುದು ಯಂತ್ರ.
ಯಾರು ಯಾರನ್ನು ಉಲ್ಲೇಖಿಸಿದರೋ ಅವರಿಗೆ ಅವರು ನಂಟರು.
ನಡುವೆ ಊದಿಕೊಂಡ ಮೂರು ವೃತ್ತ,
ಮೂರೂ ಕಡಲಾಚೆಯ ವಿಶ್ವವಿದ್ಯಾಲಯಗಳವು,
ಒಂದನ್ನೊಂದು ಹೊಗಳುತ್ತ, ತೆಗಳುತ್ತ
(ತೆಗಳಿದರೂ ಗೆರೆ ಗೆರೆಯೇ)
ಮದುವೆಮನೆಯ ಹಿರಿಯರ ಹಾಗೆ ಕೂತಿವೆ.
ನೀರಿನ ರಸಾಯನ ಅಳೆದವರು ನೀಲಿ,
ಮೀನಿನ ಹಲ್ಲು ಅಳೆದವರು ಕಿತ್ತಳೆ.
ಇಪ್ಪತ್ತು ವರ್ಷ ಇವರು ಅವರನ್ನು ಓದಿಯೇ ಇಲ್ಲ.
ಅದೂ ಕಂಡಿತು, ನಡುವಿನ ಖಾಲಿಯಾಗಿ.
ಪಟ್ಟಿಯಲ್ಲಿ ಖಾಲಿ ಕಾಣುವುದಿಲ್ಲ.

ಎಡಗಡೆ ಒಂದು ಸರಿಸುವ ಗುಂಡಿ:
ಕನಿಷ್ಠ ಐದು ಉಲ್ಲೇಖ.
ಅದೇನು, ಎಂದ.
ಬಲೆಯ ಕಣ್ಣು, ಎಂದೆ.
ಐದಕ್ಕಿಂತ ಸಣ್ಣದೆಲ್ಲ ನುಸುಳಿ ಹೋಗುತ್ತದೆ.
ಅವನು ನಕ್ಕ. ಮೀನುಗಾರಿಕೆ ಇಲಾಖೆಯವರ ಮಗ;
ಸರೋವರದಲ್ಲಿ ಸಣ್ಣ ಕಣ್ಣಿನ ಬಲೆ ಬೀಸಿದರೆ
ದೋಣಿ ಜಪ್ತಿ, ಬಲೆಗೆ ಬೆಂಕಿ ಎಂದು ಬಲ್ಲವನು.
ಗುಂಡಿಯನ್ನು ಸೊನ್ನೆಗೆ ಎಳೆದ.

ಪರದೆ ತುಂಬ ಹಿಟ್ಟು ಚೆಲ್ಲಿದ ಹಾಗಾಯಿತು.
ಎಲ್ಲವೂ ಇತ್ತು, ಏನೂ ಕಾಣಲಿಲ್ಲ.
ಒಣಗಿದ ಒಮೆನಾದಿಂದ ಮರಳು ಹೆಕ್ಕುವಂತೆ
ಇಬ್ಬರೂ ಗಾಜಿಗೆ ಮೂಗು ತಾಗಿಸಿ ಹೆಕ್ಕಿದೆವು
ಚಹಾ ಆರುವವರೆಗೆ, ಮತ್ತೂ ಒಂದು ತಾಸು.
ಅಂಚಿನಲ್ಲಿ, ಯಾವ ಗೆರೆಯೂ ಮುಟ್ಟದೆ, ಒಂದು:
ದಡದ ಲೆಕ್ಕದ ವರದಿ, ಎಪ್ಪತ್ತೆಂಟನೇ ಇಸವಿ,
ಝಬ್ಲೋನ್ ಒಪೊಂಡೊ, ದಾಖಲೆ ಗುಮಾಸ್ತ.

ಇದು ನನಗೆ ಗೊತ್ತು. ಸೈಕ್ಲೋಸ್ಟೈಲ್ ಶಾಯಿ, ಇಲಿ ತಿಂದ ಮೂಲೆ,
ಒಂದು ಮಳೆಗಾಲ ನಾನೇ ಸ್ಕ್ಯಾನ್ ಮಾಡಿದ್ದು,
ಓದದೆ.
ಹದಿಮೂರನೆಯ ಪುಟ: ಯಾವ ತಿಂಗಳು ಯಾವ ಫುಲು
ಬುಟ್ಟಿಗೆ ಬರುವುದು ನಿಂತಿತು.
ಕೊನೆಗೆ, ಗ್ರಂಥಗಳ ಪಟ್ಟಿ ಇರಬೇಕಾದಲ್ಲಿ,
ಮೀನು ಕೊಯ್ಯುತ್ತಿದ್ದ ಆರು ಹೆಂಗಸರ ಹೆಸರು.
ಪ್ರತಿ ಹೆಸರಿನ ಮುಂದೆ ಒಂದೇ ಮಾತು: ಹೇಳಿದರು.

ವಸೊಂಗ ದಪ್ಪ ವೃತ್ತವೊಂದನ್ನು ತೆರೆದು ಪಕ್ಕಕ್ಕಿಟ್ಟ.
ಎರಡನೆಯ ಕೋಷ್ಟಕ. ಅದೇ ತಿಂಗಳು, ಅದೇ ಅಂಕಿ.
ಮಾರ್ಚಿನ ಮೊತ್ತದಲ್ಲಿ ಒಪೊಂಡೊ ಕೂಡಲು ಮರೆತ ಏಳು
ಅಲ್ಲಿಯೂ ಮರೆತೇ ಹೋಗಿತ್ತು.
ಎರಡರ ನಡುವೆ ಗೆರೆಯಿಲ್ಲ.

ಮೌಸ್ ಒತ್ತಿ ಚುಕ್ಕಿಯನ್ನು ಜಗ್ಗಿದ.
ರಬ್ಬರಿನಂತೆ ಬಂತು, ವೃತ್ತದ ಹೊಸ್ತಿಲ ತನಕ,
ಬಿಟ್ಟೊಡನೆ ಅಂಚಿಗೇ ಮರಳಿತು.
ಇದು ತೋರಿಸುತ್ತದೆ ಅಷ್ಟೆ, ಎಂದೆ.
ಸೇರಿಸುವುದು ಬರೆಯುವವರ ಪಾಲು.
ನಿನ್ನ ಪ್ರಬಂಧದಲ್ಲಿ ಒಂದು ಸಾಲು ಬರೆದರೆ
ಮುಂದಿನ ವರ್ಷವೋ, ಅದರಾಚೆಯೋ,
ಕೂದಲೆಳೆಯಷ್ಟು ಹುಟ್ಟೀತು.

ಕರೆಂಟು ಹೋಯಿತು. ಬೀಗ ಹಾಕಿ ದಿಬ್ಬದ ಮೇಲೆ ನಿಂತೆವು.
ಇವತ್ತೂ ಚಂದ್ರನಿಲ್ಲ. ಕೆಳಗೆ ದೀಪಗಳು.
ಅದು ಯಾರದು, ಎಂದು ಕೇಳಿದ.
ನನಗೆ ತಿಳಿಯದು. ಇಳಿದು ಕೇಳಬೇಕು.
ಅವನು ಆಗಲೇ ಇಳಿಯುತ್ತಿದ್ದ, ಚಪ್ಪಲಿ ಒಂದು ಕೈಯಲ್ಲಿ,
ಇನ್ನೊಂದರ ಅಂಗೈ ಮೇಲೆ ಪೆನ್ನಿನಲ್ಲಿ ಆರು ಹೆಸರು.